ನಾಲ್ಕಕ್ಕೊಮ್ಮೆ ರಿಬ್ಬನ್

ಆಗಸ್ಟ್ ೨

ಇವತ್ತು ನಾದಿನಿ ನನ್ನನ್ನು ಮನೆಯಿಂದ ಹೊರಗೆ ಹಾಕಿದಳು. ಮನೆ ನನ್ನದು, ಬೀಗ ನನ್ನದು, ಕೀಲಿ ಮಾತ್ರ ಅವಳ ಚೀಲಕ್ಕೆ ಇಳಿಯಿತು.

“ಏಳು ಗಂಟೆಗೆ ವಾಪಸ್ ಕೊಡ್ತೀನಿ ಅತ್ತಿಗೆ. ಅಲ್ಲೀವರೆಗೂ ಈಜುಕೊಳದ ಹತ್ರ ಬಂದು ಕೂತ್ಕೊಳ್ಳಿ. ಈಜಬೇಡಿ, ನಗಬೇಡಿ, ಸುಮ್ನೆ ಉಸಿರಾಡ್ತಾ ಇರಿ. ಅಷ್ಟಂತೂ ಮನೇಲೂ ಮಾಡ್ತಾ ಇದೀರಲ್ಲ?”

ಅಷ್ಟಂತೂ ಮಾಡುತ್ತಿದ್ದೇನೆ. ಇವರು ಹೋದ ಮೇಲೆ (‘ಇವರು’ ಅಂದರೆ ಹತ್ತಿರ ಇರುವವರು, ಆದರೆ ಗಂಡನನ್ನು ‘ಅವರು’ ಎಂದು ಬರೆಯಲು ನನ್ನ ಪೆನ್ನಿಗೆ ಅಭ್ಯಾಸವಿಲ್ಲ) ಕೆಲವು ದಿನ ಕಾಲೇಜಿಗೆ ಹೋದೆ. ಒಂದು ಬೆಳಿಗ್ಗೆ ಉದ್ದನೆಯ ಸಮೀಕರಣ ಕರಗುತ್ತಾ ಕರಗುತ್ತಾ ಬಂದು ಕೊನೆಯ ಸಾಲಿನಲ್ಲಿ ಎರಡರಿಂದ ಒಂದನ್ನು ಕಳೆಯಬೇಕಾಯಿತು. ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟೆ. ಹುಡುಗಿಯರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಪ್ರಾಂಶುಪಾಲರು ರಜೆ ಕೊಟ್ಟರು. ಹೀಗೆ ಗಣಿತದ ಮೇಡಂ ಕಳೆಯುವ ಲೆಕ್ಕದಲ್ಲಿ ಫೇಲಾಗಿ ಕಾಲ ಕಳೆಯುತ್ತಿದ್ದಾಳೆ.

ಈಜುಕೊಳದ ಮೇಲೆ ಗಾಜಿನ ಛಾವಣಿ. ನೀರಿನ ಬೆಳಕು ಮೇಲೆ ಹೋಗಿ ಗಾಜಿನಲ್ಲಿ ಅಲೆಯಾಡುತ್ತದೆ, ಗಾಜಿನ ಬೆಳಕು ಕೆಳಗಿಳಿದು ನೀರಿನಲ್ಲಿ. ಸ್ವಲ್ಪ ಹೊತ್ತು ನೋಡಿದರೆ ಕೊಳ ಯಾವುದು, ಛಾವಣಿ ಯಾವುದು ಎಂದು ಹೇಳಲಾಗುವುದಿಲ್ಲ. ಆಡಿದ ಮಾತು ಎದುರು ಗೋಡೆಗೆ ಹೋಗಿ, ಒಂದಿಷ್ಟು ನೆನೆದು, ತಡವಾಗಿ ಕಿವಿಗೆ ಬರುತ್ತದೆ. ನಾನು ಶೂ ಬಿಚ್ಚದೆ, ಹನಿ ಸಿಡಿಯದಷ್ಟು ದೂರದ ಬೆಂಚಿನಲ್ಲಿ ಕೂತೆ.

ನಾದಿನಿ ಇಲ್ಲಿ ಕೋಚು. ಸಂಜೆ ಅವಳ ಬಳಿಗೆ ಇಪ್ಪತ್ನಾಲ್ಕು ಹೆಂಗಸರು ಬರುತ್ತಾರೆ. ಒಬ್ಬಾಕೆ ಬೇಕರಿ ನಡೆಸುತ್ತಾಳೆ, ಒಬ್ಬಾಕೆ ಹಲ್ಲಿನ ಡಾಕ್ಟರು, ಒಬ್ಬಾಕೆ ಬಟ್ಟೆ ಹೊಲಿಯುತ್ತಾಳೆ. ಉಳಿದವರು ಸದ್ಯಕ್ಕೆ ನನಗೆ ಬರೀ ಟೋಪಿಗಳು. ತಿಂಗಳ ಕೊನೆಗೆ ಈಜುಕೊಳದ ವಾರ್ಷಿಕೋತ್ಸವವಂತೆ, ಅದರಲ್ಲಿ ಈ ಹೆಂಗಸರದೊಂದು ಪ್ರದರ್ಶನ. ಎಲ್ಲರೂ ವೃತ್ತವಾಗಿ, ತಲೆ ನಡುವಿನ ಕಡೆಗೆ, ಕಾಲು ಹೊರಗಡೆಗೆ ಮಾಡಿ ದೊಡ್ಡ ಹೂವಿನಂತೆ ಅಂಗಾತ ತೇಲುತ್ತಾರೆ. ಡೋಲಿನ ಪೆಟ್ಟಿಗೊಬ್ಬಳಂತೆ ಸರದಿಯಲ್ಲಿ ಕೈ ಎತ್ತುತ್ತಾ ಹೋಗುತ್ತಾರೆ. ನಾಲ್ಕನೆಯ ಪೆಟ್ಟು ಯಾರ ಮೇಲೆ ಬೀಳುತ್ತದೋ ಅವಳ ಕೈಗೆ ಹಳದಿ ರಿಬ್ಬನ್. ರಿಬ್ಬನ್ ಸುತ್ತಿದ ಮರದ ಬಿಲ್ಲೆಯೊಂದು ನಡುವಿನ ನೀರಿನಲ್ಲಿ ತೇಲುತ್ತಿರುತ್ತದೆ. ಅವಳು ರಿಬ್ಬನನ್ನು ಹಿಡಿದುಕೊಂಡು ಬಿಲ್ಲೆಯನ್ನು ಅಲ್ಲಿಂದ ನಾಲ್ಕನೆಯವಳ ಕಡೆಗೆ ತಳ್ಳಬೇಕು. ಹೀಗೆ ಸುತ್ತಿ ಸುತ್ತಿ ಎಲ್ಲರ ಕೈಗೂ ರಿಬ್ಬನ್ ಸಿಕ್ಕಿ, ಗ್ಯಾಲರಿಯಲ್ಲಿ ಕೂತವರಿಗೆ ನೀರಿನ ಮೇಲೆ ನಕ್ಷತ್ರ ಕಾಣಬೇಕು.

ಕಂಡದ್ದು ಆರು ಮೂಲೆಯ ಡಬ್ಬಿ. ಬಿಲ್ಲೆ ಅದೇ ಆರು ಜನರ ನಡುವೆ ಸುತ್ತಿತು. ಉಳಿದ ಹದಿನೆಂಟು ಕೈಗಳು ಎದ್ದವು, ಬರಿಗೈಯಾಗಿ ಇಳಿದವು.

“ಯಾರೋ ಎಣಿಕೆ ತಪ್ಪಿದ್ದೀರಿ!” ಎಂದು ನಾದಿನಿ ಕೂಗಿದಳು.

ಯಾರೂ ತಪ್ಪಿರಲಿಲ್ಲ. ನಾಲ್ಕು ಇಪ್ಪತ್ನಾಲ್ಕರ ಅಪವರ್ತನ. ನಾಲ್ಕು, ಎಂಟು, ಹನ್ನೆರಡು ಎಂದು ಹೊರಟರೆ ಸರಿಯಾಗಿ ಇಪ್ಪತ್ನಾಲ್ಕಕ್ಕೆ ಬಂದು, ಮತ್ತೆ ನಾಲ್ಕರ ಮನೆ ಬಾಗಿಲು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಏಳು ಗಂಟೆಯಾಯಿತು, ಕೀಲಿ ಸಿಕ್ಕಿತು, ಬಾಯಿ ಮುಚ್ಚಿತು.

ಆಗಸ್ಟ್ ೫

ಜಗಳ. ನೀರಿನಲ್ಲಿ ಜಗಳವಾಡುವವರನ್ನು ನಾನು ನೋಡಿರಲಿಲ್ಲ. ಕಾಲಿಗೆ ನೆಲ ಸಿಗದವರು ಯಾರ ಮೇಲೂ ಕಾಲು ಕೆರೆಯಲಾರರು ಎಂದುಕೊಂಡಿದ್ದೆ. ತಪ್ಪು.

ಇವತ್ತೂ ಆರೇ ಜನ, ಅದೇ ಆರು ಜನ. ನಾಲ್ಕನೆಯ ಜಾಗದಲ್ಲಿ ಬೇಕರಿಯಾಕೆ, ಎಂಟನೆಯ ಜಾಗದಲ್ಲಿ ಹಲ್ಲಿನ ಡಾಕ್ಟರು, ಹೀಗೆ. ಇಪ್ಪತ್ತೊಂದನೆಯ ಜಾಗದಲ್ಲಿದ್ದ ಹೊಲಿಗೆಯಾಕೆ ಎದ್ದು ನಿಂತೇಬಿಟ್ಟಳು.

“ರಿಬ್ಬನ್ ಹೊಲಿದೋಳು ನಾನು. ತುಂಡು ತುಂಡು ಜೋಡಿಸಿ, ಅಂಚು ಮಡಚಿ, ಬೆರಳಿಗೆ ಸೂಜಿ ಚುಚ್ಚಿಸ್ಕೊಂಡೋಳು ನಾನು. ಹಿಡ್ಕೊಂಡು ಮೆರೆಯೋದಕ್ಕೆ ಇವರಾ?”

“ಅಯ್ಯೋ, ನಾನೇನು ಕೇಳಿ ಇಸ್ಕೊಂಡ್ನಾ? ಬಂತು, ಹಿಡ್ಕೊಂಡೆ,” ಎಂದಳು ಬೇಕರಿಯಾಕೆ.

“ದಿನಾ ಕೋಚಮ್ಮಂಗೆ ಬಿಸಿ ಬನ್ನು ತಂದ್ಕೊಟ್ರೆ ಬರದೇ ಇರುತ್ತಾ?”

“ಎಣಿಕೆ ಹಾಗೆ ಬೀಳುತ್ತೆ ಕಣ್ರಿ, ನಾನು ಬೀಳಿಸಲ್ಲ!” ಎಂದು ನಾದಿನಿ ಎರಡು ಸಲ ಹೇಳಿದಳು. ಪಾಪ, ನಿಜವನ್ನೇ ಹೇಳಿದಳು. ನಿಜ ಹೇಳುವಾಗ ಅವಳ ಮುಖ ಸುಳ್ಳು ಹೇಳುವವಳ ಹಾಗಾಗುತ್ತದೆ. ಅದು ಅವರ ಮನೆಯವರಿಗೆಲ್ಲ ಬಂದದ್ದು.

ಹೊಲಿಗೆಯಾಕೆ ಟೋಪಿ ಕಿತ್ತು ದಡಕ್ಕೆ ಎಸೆದು ಹೋದಳು. ಟೋಪಿ ನನ್ನ ಬೆಂಚಿನ ಕೆಳಗೆ ಬಂದು ಬಿತ್ತು. ಒದ್ದೆಯಾಗಿತ್ತು. ಮುಟ್ಟಲಿಲ್ಲ.

ಆಗಸ್ಟ್ ೬

ಮಧ್ಯಾಹ್ನದ ನಿದ್ದೆಯಲ್ಲಿ ಒಂದು ಬೀದಿ. ಮನೆಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಇಪ್ಪತ್ನಾಲ್ಕನೆಯ ಮನೆಯಲ್ಲಿ ನೆಂಟರೋ ನೆಂಟರು: ಎರಡು ಬಂದಿದೆ, ಮೂರು ಬಂದಿದೆ, ನಾಲ್ಕು, ಆರು, ಎಂಟು, ಹನ್ನೆರಡು, ಎಲ್ಲರದೂ ಚಪ್ಪಲಿ ಬಾಗಿಲಲ್ಲಿ. ಪಕ್ಕದ ಇಪ್ಪತ್ಮೂರರಲ್ಲಿ ದೀಪವಿದೆ, ಸದ್ದಿಲ್ಲ. ಅದು ಅವಿಭಾಜ್ಯರ ಮನೆ. ತಾನು, ಮತ್ತು ಒಂದು. ಒಂದು ಎಲ್ಲರ ಮನೆಗೂ ಹೋಗುತ್ತದೆ, ಹಾಗಾಗಿ ಅದನ್ನು ಯಾರೂ ನೆಂಟನೆಂದು ಲೆಕ್ಕಕ್ಕಿಡುವುದಿಲ್ಲ.

ನಾನು ಇಪ್ಪತ್ಮೂರರ ಕಿಟಕಿಯಲ್ಲಿ ಒಳಗಿನಿಂದ ನಿಂತು ನೋಡುತ್ತಿದ್ದೆ. ತುಂಬಾ ಹಿತವಾಗಿತ್ತು.

ಆಗಸ್ಟ್ ೯

ಪವಾಡ! ಒಬ್ಬಳು ಕಡಿಮೆಯಾದಳು, ನಕ್ಷತ್ರ ಮೂಡಿತು. ಇಪ್ಪತ್ಮೂರು ಜನರ ಕೈಗೂ ರಿಬ್ಬನ್ ಹೋಯಿತು, ಒಬ್ಬಳನ್ನೂ ಬಿಡಲಿಲ್ಲ. ನೀರಿನ ಮೇಲೆ ಹಳದಿ ನಕ್ಷತ್ರ, ಗಾಜಿನಲ್ಲಿ ಅದರ ಅಕ್ಕ.

ಹೆಂಗಸರು ಕೇಕೆ ಹಾಕಿದರು. ಆಮೇಲೆ ಶುರುವಾಯಿತು.

“ನಾನು ಹೇಳ್ಲಿಲ್ವಾ? ಅವಳೇ ಕಣ್ರಿ ಅಪಶಕುನ.”

“ಒಂದು ಹುಳುಕು ಹಲ್ಲು ಕಿತ್ತಾಕಿದ್ರೆ ಬಾಯಿಗೆ ಎಷ್ಟು ಆರಾಮ ನೋಡಿ,” ಎಂದರು ಹಲ್ಲಿನ ಡಾಕ್ಟರು.

ಬೆಂಚಿನಿಂದ ಎದ್ದು ದಡದವರೆಗೆ ಹೋಗಿ ಹೇಳಿದೆ: ತಪ್ಪು ಆಕೆಯದಲ್ಲ, ನಾಲ್ಕರದು. ಇಪ್ಪತ್ಮೂರು ಅವಿಭಾಜ್ಯ ಸಂಖ್ಯೆ. ನಾಲ್ಕಕ್ಕೊಮ್ಮೆ ಹೋಗಿ, ಐದಕ್ಕೊಮ್ಮೆ ಹೋಗಿ, ಎಲ್ಲರನ್ನೂ ಮುಟ್ಟದೆ ಮರಳಲಾಗದು.

“ನಾಲ್ಕು ಏನು ಮಾಡುತ್ತೆ ಮೇಡಂ, ಪಾಪ!” ಎಂದು ನಕ್ಕರು. ನಾನೂ ಒತ್ತಾಯಿಸಲಿಲ್ಲ. ನನಗೆ ಆ ಇಪ್ಪತ್ಮೂರೇ ಸಾಕಾಗಿತ್ತು. ಎಷ್ಟು ಗಟ್ಟಿ ಸಂಖ್ಯೆ! ಜೋಡಿ ಜೋಡಿ ಮಾಡಲು ಹೋದರೆ ಆಗದು, ಸಾಲು ಕಟ್ಟಿಸಲು ಹೋದರೆ ಆಗದು. ಒಬ್ಬರು ಹೋದದ್ದರಿಂದ ಕೆಡದೆ, ಹೋದದ್ದರಿಂದಲೇ ಪೂರ್ಣವಾದದ್ದು. ಯಾರಿಗೂ ಭಾಗ ಕೊಡದು, ಯಾರನ್ನೂ ಬಾ ಎನ್ನದು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತಾ ಬಂದೆ.

ದಡ ಒದ್ದೆಯಾಗಿದ್ದರಿಂದ ಶೂ ಬಿಚ್ಚಬೇಕಾಗಿತ್ತು. ಕಾಲುಚೀಲ ಅಲ್ಲೇ ಮರೆತಿದ್ದೇನೆ.

ಆಗಸ್ಟ್ ೧೩

ನಾದಿನಿ ಊಟ ಮಾಡುತ್ತಾ, ಹೊಲಿಗೆಯಾಕೆ ಅಂಗಡಿ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಾಳೆ ಎಂದಳು. ಹೆಂಗಸರಲ್ಲಿ ಇಬ್ಬರು ಬಟ್ಟೆಯನ್ನು ಬೇರೆ ಕಡೆ ಕೊಟ್ಟಿದ್ದಾರಂತೆ. “ಅವಳು ಹೊಲಿದ್ರೆ ಕೆಡುತ್ತಂತೆ. ಈಜುಕೊಳದ ಮಾತು ಬೀದಿಗೆ ಬಂದಿದೆ ಅತ್ತಿಗೆ. ನಂಗೆ ತುತ್ತು ಇಳೀತಿಲ್ಲ.”

“ವಾಪಸ್ ಕರಿ.”

“ಕರೆದ್ರೆ ಮತ್ತೆ ಡಬ್ಬಿ ಆಗುತ್ತೆ. ಆಗ ಎಲ್ರ ಎದುರಿಗೇ ಅವಳಿಗೆ ಮುದ್ರೆ ಒತ್ತಿದ ಹಾಗಾಗುತ್ತೆ.”

ಅವಳು ಹೇಳಿದ್ದು ಸರಿ. ಸರಿಯಾದ ಮಾತು ಕೇಳಿಸಿಕೊಂಡು ಮಲಗಿದರೆ ನಿದ್ದೆ ಬರುವುದಿಲ್ಲ ಎಂಬುದೂ ಸರಿ.

ಆಗಸ್ಟ್ ೧೪

ಪಾಠ ಮಾಡಿದೆ.

ಬಟ್ಟೆ ಬದಲಿಸುವ ಕೋಣೆಯ ಮುಂದೆ ಬಿಟ್ಟಿದ್ದ ಚಪ್ಪಲಿಗಳನ್ನು ದಡದ ಮೇಲೆ ವೃತ್ತವಾಗಿ ಜೋಡಿಸಿದೆ. ಇಪ್ಪತ್ಮೂರು ಜೊತೆ. “ಅಯ್ಯೋ ಮೇಡಂ, ನನ್ನದನ್ನ ಮುಟ್ಬೇಡಿ, ಹಳೇದು!” “ನನ್ನದು ಇನ್ನೂ ಹಳೇದು, ಹೊಸದಿದ್ದಾಗ ಚೆನ್ನಾಗಿತ್ತು!” ಎಂದು ಹೆಂಗಸರು ನೀರಿನಿಂದ ಕೂಗುತ್ತಿದ್ದರು. ಬೇಕರಿಯಾಕೆಯ ಕೈಗೆ ಸೀಮೆಸುಣ್ಣ ಕೊಟ್ಟು, ನಾಲ್ಕಕ್ಕೊಮ್ಮೆ ಗುರುತು ಹಾಕುತ್ತಾ ಹೋಗು ಎಂದೆ. ಹೋದಳು. ಸುತ್ತಿದಳು. ಎಲ್ಲ ಚಪ್ಪಲಿಗೂ ಗುರುತು ಬಿತ್ತು.

ಆಮೇಲೆ ನನ್ನ ಶೂಗಳನ್ನು ತಂದು ಇಪ್ಪತ್ನಾಲ್ಕನೆಯ ಜೊತೆಯಾಗಿ ಇಟ್ಟೆ. ಹಳೆಯ ಗುರುತು ಅಳಿಸಿ ಮತ್ತೆ ಸುತ್ತಿಸಿದೆ. ಆರು ಜೊತೆಗೆ ಗುರುತು ಬಿತ್ತು, ಏಳನೆಯ ಸಲಕ್ಕೆ ಮೊದಲನೆಯದೇ.

ಬೇಕರಿಯಾಕೆ ಮಂಡಿಯೂರಿದಲ್ಲೇ ತಲೆ ಎತ್ತಿದಳು. “ಹಾಗಾದ್ರೆ ಇಪ್ಪತ್ನಾಲ್ಕನೆಯೋರು ಯಾರೇ ಆದ್ರೂ ಇಷ್ಟೇನಾ? ನೀವಾದ್ರೂ?”

“ನಾನಾದರೂ. ರಾಣಿಯಾದರೂ.”

ಹಲ್ಲಿನ ಡಾಕ್ಟರು, ತಾವೇ ಅರಿವಳಿಕೆ ಚುಚ್ಚಿಸಿಕೊಂಡವರಂತೆ ಮೆಲ್ಲಗೆ, “ಛೆ, ನಾನು ಹುಳುಕು ಹಲ್ಲು ಅಂದ್ನಲ್ಲ ಅವಳನ್ನ,” ಎಂದರು.

ಐದಕ್ಕೊಮ್ಮೆ ರಿಬ್ಬನ್ ಕೊಟ್ಟರೆ ಇಪ್ಪತ್ನಾಲ್ಕು ಜನರಿಗೂ ಸಿಗುತ್ತದೆ ಎಂದೆ. ನಾದಿನಿ ಕೈ ಮುಗಿದಳು. “ಡೋಲು ನಾಲ್ಕೇ ಹೊಡೆಯೋದು ಅತ್ತಿಗೆ. ಇವರ ಮೈಗೆ ಆ ನಾಲ್ಕು ಹತ್ತಿಸೋದಕ್ಕೆ ಇಡೀ ಚಳಿಗಾಲ ಹಿಡೀತು. ಈಗ ಐದು ಅಂದ್ರೆ ಇವರನ್ನೆಲ್ಲ ಮತ್ತೆ ಹೆತ್ತ ಹಾಗೆ.”

ಆಗ ಬೇಕರಿಯಾಕೆ, ಯಾರೂ ಕೇಳದೆಯೇ, ಒಂದು ಬಕೆಟ್ಟನ್ನು ತಂದು ನನ್ನ ಶೂಗಳ ಪಕ್ಕ ಇಟ್ಟಳು. ಇಪ್ಪತ್ತೈದು. ತಾನೇ ಎಣಿಸುತ್ತಾ ಹೋದಳು. ಚಪ್ಪಲಿ, ಚಪ್ಪಲಿ, ಚಪ್ಪಲಿ. ಒಂದೂ ಬಿಡದೆ ಎಲ್ಲಕ್ಕೂ ಗುರುತು ಬಿತ್ತು. ಕಟ್ಟಕಡೆಗೆ ಬಕೆಟ್ಟಿಗೂ.

“ಆಯ್ತು!” ಎಂದು ಕುಣಿದಳು. “ಒಬ್ರು ಹೊಲಿಗೆಯಕ್ಕ. ಇನ್ನೊಬ್ರು ಬಂದ್ರೆ ಆಯ್ತು. ಈ ಬಕೆಟ್ಟು ಯಾರು?”

ಎಲ್ಲರೂ ನನ್ನನ್ನು ನೋಡಿದರು. ನಾನು ಛಾವಣಿಯನ್ನು ನೋಡಿದೆ.

ಆಗಸ್ಟ್ ೧೫

ಇಪ್ಪತ್ತೈದು ಅವಿಭಾಜ್ಯವೂ ಅಲ್ಲ. ಐದೈದಲಿ ಇಪ್ಪತ್ತೈದು, ಮಗ್ಗಿಯಲ್ಲಿ ಅತಿ ಸುಲಭವಾಗಿ ಬಾಯಿಗೆ ಬರುವ, ಸ್ವಲ್ಪ ಬಾಯಿಬಡುಕ ಸಂಖ್ಯೆ. ಮನೆಗೆ ಬರುವ ನೆಂಟಳು ಐದು ಒಬ್ಬಳೇ, ಆದರೆ ಬರುವಾಗ ಇನ್ನೊಬ್ಬ ಐದನ್ನು ಕರೆದುಕೊಂಡೇ ಬರುತ್ತಾಳೆ. ಇಂಥದ್ದಕ್ಕೂ ನಾಲ್ಕಕ್ಕೂ ಒಂದನ್ನು ಬಿಟ್ಟರೆ ಸಮಾನ ಅಪವರ್ತನವಿಲ್ಲ, ಅಷ್ಟೇ ಸಾಕಂತೆ. ಒಡೆಯದ ಸಂಖ್ಯೆಯೇ ಆಗಬೇಕೆಂದಿಲ್ಲ.

ಇದನ್ನು ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ಇವತ್ತು ಯಾಕೋ ಕೇಳಿಸಿಕೊಂಡೆ.

ಆದರೂ ನಾನು ನೀರಿಗೆ ಇಳಿಯುವವಳಲ್ಲ. ಬೇರೆ ಯಾರನ್ನಾದರೂ ಹುಡುಕಲಿ.

ಆಗಸ್ಟ್ ೧೭

ಹೊಲಿಗೆಯಾಕೆಯ ಅಂಗಡಿಗೆ ಹೋಗಿದ್ದೆ. ಒಂದೇ ಕೋಣೆ. ಗೋಡೆಯುದ್ದಕ್ಕೂ ಯಾರ ಯಾರದೋ ತೋಳುಗಳು, ಕುತ್ತಿಗೆಗಳು ನೇತಾಡುತ್ತಿವೆ, ಒಳಗೆ ಬರಬೇಕಾದ ಜನರಿಗಾಗಿ ಕಾಯುತ್ತಾ. ಫ್ಯಾನ್ ತಿರುಗಿದಾಗ ಎಲ್ಲ ತೋಳುಗಳೂ ಸ್ವಲ್ಪ ಏಳುತ್ತವೆ, ಇಳಿಯುತ್ತವೆ.

ಆಕೆ ಮೆಷಿನ್ನಿನಿಂದ ಏಳಲಿಲ್ಲ. “ನಾನಿಲ್ದೆ ಭಾಳ ಚೆನ್ನಾಗಿ ಬಂತಂತೆ.”

“ಬಂತು. ನೀವಿಲ್ಲದಿದ್ದರೆ ಬರುತ್ತದೆ, ಬೇಕರಿಯಾಕೆ ಇಲ್ಲದಿದ್ದರೂ ಬರುತ್ತಿತ್ತು. ಆ ಇಪ್ಪತ್ನಾಲ್ಕರಲ್ಲಿ ಯಾರೊಬ್ಬರು ಹೋಗಿದ್ದರೂ ಬರುತ್ತಿತ್ತು.”

“ಹೋಗಿದ್ದು ನಾನಲ್ವಾ?”

ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ತೆರೆದೆ.

“ಬನ್ನಿ,” ಎಂದೆ. “ಎಲ್ಲರಿಗೂ ಗೊತ್ತಾಗಿದೆ. ಡಾಕ್ಟರಮ್ಮ ತಪ್ಪಾಯಿತು ಎಂದಿದ್ದಾರೆ.”

“ನಾನು ಬಂದ್ರೆ ಇಪ್ಪತ್ನಾಲ್ಕು. ಮತ್ತೆ ಡಬ್ಬಿ. ನಂಗೂ ಬೇಕರಿಯೋಳು ಬಂದು ಹೇಳಿದಾಳೆ, ಚಪ್ಪಲಿ ಲೆಕ್ಕ.” ದಾರ ಕಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇನ್ನೊಬ್ರು ಬೇಕಂತಲ್ಲ. ಯಾರಂತೆ?”

“ಹುಡುಕ್ತಾ ಇದ್ದಾರೆ.”

ಆಕೆ ಕುತ್ತಿಗೆಯಿಂದ ಟೇಪು ತೆಗೆದಳು. “ಕೈ ಎತ್ತಿ.”

“ನಾನು ಈಜೋಳಲ್ಲ.”

“ಈಜಿ ಅಂದ್ನಾ? ಕೈ ಎತ್ತಿ ಅಂದೆ.”

ಎತ್ತಿದೆ. ಟೇಪು ಎದೆಯನ್ನು ಸುತ್ತಿ ಬಂತು. ಎಷ್ಟೋ ತಿಂಗಳಿಂದ ನನ್ನನ್ನು ಯಾರೂ ಸುತ್ತಿರಲಿಲ್ಲ. ಅಳತೆ ನೋಡಿ ಆಕೆ, “ಏನ್ರೀ ಇದು, ಊಟ ಮಾಡ್ತೀರೋ, ಊಟದ ಲೆಕ್ಕ ಮಾಡ್ತೀರೋ?” ಎಂದು ಬೈದಳು. ಆಮೇಲೆ ಬೆನ್ನ ಹಿಂದಿನಿಂದ ಹೇಳಿದಳು: “ಇದನ್ನ ಹಾಕ್ಕೊಂಡು ನೀವು ಯಾವತ್ತು ನೀರಿಗಿಳೀತೀರೋ ಅವತ್ತು ನಾನೂ ಬರ್ತೀನಿ. ಇಲ್ದಿದ್ರೆ ಇಲ್ಲ. ನಾನು ಒಬ್ಳೇ ಬಂದು ಕೆಡಿಸಿದೆ ಅನ್ನಿಸ್ಕೊಳ್ಳೋಳಲ್ಲ.”

ಆಗಸ್ಟ್ ೧೯

ಈಜುಡುಗೆ ಬಂದಿದೆ. ಕಡು ನೀಲಿ. ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ನನಗಿಂತ ಹೆಚ್ಚು ಧೈರ್ಯವಾಗಿ ಕೂತಿದೆ.

ಆಗಸ್ಟ್ ೨೦

ಮೊಣಕಾಲು.

ಆಗಸ್ಟ್ ೨೧

ಸೊಂಟ. ಮೊಣಕಾಲು ಲೆಕ್ಕಕ್ಕಿಲ್ಲವಂತೆ, ಹೊಲಿಗೆಯಾಕೆ ಇವತ್ತು ಮಾತಿಗೆ ತಪ್ಪದೆ ಬಂದಳು. ಇಪ್ಪತ್ತೊಂದನೆಯ ಜಾಗದಲ್ಲಿ ನಿಂತು ಯಾರನ್ನೂ ನೋಡದೆ ಟೋಪಿ ಹಾಕಿಕೊಂಡಳು. ಹಲ್ಲಿನ ಡಾಕ್ಟರು ನೀರಿನಲ್ಲಿ ನಡೆದು ಹೋಗಿ ಏನೋ ಹೇಳಿದರು. ಗೋಡೆಗೆ ಹೋಗಿ ಬರುವಷ್ಟು ಜೋರಾಗಿ ಹೇಳಲಿಲ್ಲ, ಹಾಗಾಗಿ ಅದು ಅವರಿಬ್ಬರಲ್ಲೇ ಉಳಿಯಿತು.

ನಾನು ಮಲಗಲಾರೆ. ಮಲಗಿಸಿದರೆ ಹಲಗೆಯಂತಾಗುತ್ತೇನೆ, ಹಲಗೆಯಾದರೂ ತೇಲುತ್ತದೆ, ನಾನು ಮುಳುಗುತ್ತೇನೆ.

ಆಗಸ್ಟ್ ೨೪

ನಾದಿನಿ ಬೆನ್ನ ಕೆಳಗೆ ಅಂಗೈ ಕೊಟ್ಟು ಹಿಡಿದಳು. ಕಿವಿ ನೀರಿನೊಳಗೆ. ಲೋಕದ ಸದ್ದೆಲ್ಲ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿತು. ಮೇಲೆ ಗಾಜು, ಗಾಜಿನಲ್ಲಿ ನೀಲಿ ಚುಕ್ಕೆಯೊಂದು. ಅದು ನಾನೇ ಇರಬೇಕು, ಮೇಲಿಂದ ನನ್ನನ್ನು ನೋಡುತ್ತಾ.

ಇಪ್ಪತ್ತೈದನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಒಂದು. ನಾನೇ ಆ ಶೇಷ. ನೀರಿನ ಮೇಲೆ ಅಂಗಾತ ಶಯನ. ಶೇಷಶಯನ ಎಂದು ನಗು ಬಂತು. ನಕ್ಕೆ. ನೀರು ಕುಡಿದೆ.

“ಏನಾಯ್ತು ಅತ್ತಿಗೆ?”

ಹೇಳಿದೆ. ಅವಳು “ಅಣ್ಣ ಇದ್ದಿದ್ರೆ ತಲೆ ಚಚ್ಕೊಳ್ತಿದ್ದ,” ಎಂದಳು.

“ಅವರು ನಗುತ್ತಿದ್ದರು. ಆಮೇಲೆ ಚಚ್ಚಿಕೊಳ್ಳುತ್ತಿದ್ದರು.”

ಕೈ ತೆಗೆದರೆ ಮುಳುಗುತ್ತೇನೆ ಎಂದೆ. “ಅಕ್ಕಪಕ್ಕದೋರ ಭುಜ ತಾಗ್ತಿರುತ್ತೆ. ಅಷ್ಟು ಸಾಕು,” ಎಂದಳು.

ಆಗಸ್ಟ್ ೨೮

ನಾಳೆ ಪ್ರದರ್ಶನ. ಅಭ್ಯಾಸದಲ್ಲಿ ಮೂರು ಸಲವೂ ನಾನು ಅರ್ಧದಲ್ಲೇ ಮುಳುಗಿ, ಎಲ್ಲರೂ ಎದ್ದು ನಿಂತು, ಬಿಲ್ಲೆ ನನ್ನವರೆಗೆ ಬರಲೇ ಇಲ್ಲ. ನನ್ನ ಜಾಗ ಇಪ್ಪತ್ತೈದನೆಯದು, ರಿಬ್ಬನ್ ಸಿಗುವುದರಲ್ಲೂ ಕಡೆಯವಳು. ನಾನು ಮುಳುಗಿದರೆ ಉಳಿಯುವುದು ಇಪ್ಪತ್ನಾಲ್ಕು. ಆಗ ಗ್ಯಾಲರಿ ತುಂಬ ಜನರ ಎದುರಿಗೆ ಅದೇ ಡಬ್ಬಿ, ಹೊಲಿಗೆಯಾಕೆಯ ಬರಿಗೈ.

ಇವತ್ತು ಹೊಲಿಗೆಯಾಕೆ, “ಮುಳುಗೋದಾದ್ರೆ ನನ್ನ ಕೈಗೆ ಬಂದ ಮೇಲೆ ಮುಳುಗಿ ಮೇಡಂ, ದಮ್ಮಯ್ಯ,” ಎಂದಳು. ನಗುತ್ತಲೇ ಹೇಳಿದಳು, ಕಣ್ಣು ನಗಲಿಲ್ಲ.

ಆಗಸ್ಟ್ ೨೯

ಗ್ಯಾಲರಿಯ ಜನ ಬಣ್ಣ ಬಣ್ಣದ ಮಸುಕು. ಡೋಲು ನೀರಿನೊಳಗಿನಿಂದ ಕೇಳಿಸಿತು, ಯಾರದೋ ಎದೆಯೊಳಗಿನಿಂದ ಕೇಳಿಸುವ ಹಾಗೆ. ಒಂದು ಕಡೆ ಬೇಕರಿಯಾಕೆಯ ತಂಗಿಯ ಭುಜ, ಇನ್ನೊಂದು ಕಡೆ ಇಷ್ಟು ದಿನವೂ ನಾನು ಹೆಸರು ಕೇಳದ ಒಬ್ಬ ಅಜ್ಜಿಯ ಭುಜ. ಎರಡೂ ತಾಗುತ್ತಿದ್ದವು, ದೂರವಾಗುತ್ತಿದ್ದವು, ಮತ್ತೆ ತಾಗುತ್ತಿದ್ದವು.

ಎಣಿಸಲು ಶುರು ಮಾಡಿದೆ. ನನ್ನ ಪೆಟ್ಟು ಬಂತು, ಕೈ ಎತ್ತಿದೆ, ಬರಿಗೈ. ಇನ್ನೊಂದು ಸುತ್ತು, ಬರಿಗೈ. ಅಲ್ಲಿಂದ ಮುಂದೆ ಎಣಿಕೆ ತಪ್ಪಿಹೋಯಿತು. ಗಾಜಿನಲ್ಲಿ ಹಳದಿ ಗೆರೆಗಳು ಒಂದರ ಮೇಲೊಂದು ಬೀಳುತ್ತಿದ್ದವು, ಯಾರೋ ಅಲ್ಲಿ ಮೇಲೆ ಸುಮ್ಮನೆ ಬರೆಯುತ್ತಿದ್ದ ಹಾಗೆ. ಎಷ್ಟನೆಯ ಸುತ್ತು ಎಂದು ತಿಳಿಯಲಿಲ್ಲ. ತಿಳಿಯದಿದ್ದರೆ ಏನೂ ಆಗುವುದಿಲ್ಲ ಎನ್ನುವುದು ತಿಳಿಯಿತು, ಆಗಲೇ ಸೊಂಟ ತಾನಾಗಿ ಮೇಲೆ ಬಂತು.

ಎಡಗಡೆಯಿಂದ ಒಂದು ಕಿರುಚು. “ಬಂತೂ!” ಹೊಲಿಗೆಯಾಕೆ. ಪ್ರದರ್ಶನದಲ್ಲಿ ಮಾತಾಡಬಾರದೆಂದು ನಾದಿನಿ ಬಡಿದುಕೊಂಡು ಹೇಳಿದ್ದಳು. ಗ್ಯಾಲರಿ ನಕ್ಕಿತು. ಆಕೆಗೆ ಅದೊಂದೂ ಕೇಳಿಸಿರಲಾರದು. ಹಿಡಿದೇ ಇದ್ದಳಂತೆ, ಬಿಲ್ಲೆ ತಳ್ಳುವುದನ್ನೇ ಮರೆತು, ಪಕ್ಕದವಳು ಕಾಲಿನಿಂದ ತಿವಿಯುವವರೆಗೂ.

ಆಮೇಲೆ ಬಿಲ್ಲೆ ನನ್ನ ಕೈಗೆ ಬಂದು ತಾಗಿತು. ಮರ, ಒದ್ದೆ, ಸ್ವಲ್ಪ ಬೆಚ್ಚಗೆ. ರಿಬ್ಬನ್ ಹಿಡಿದು ಬಿಲ್ಲೆಯನ್ನು ಬೇಕರಿಯಾಕೆಯ ಕಡೆಗೆ ತಳ್ಳಿದೆ. ನಕ್ಷತ್ರ ಮುಚ್ಚಿಕೊಂಡಿತು.

ಚಪ್ಪಾಳೆಯಾಯಿತು, ದೀಪ ಹಾಕಿದರು, ಒಬ್ಬೊಬ್ಬರಾಗಿ ರಿಬ್ಬನ್ ಬಿಟ್ಟು ದಡಕ್ಕೆ ಹೋದರು. ನಾದಿನಿ ದಡದಲ್ಲಿ ನಿಂತು ರಿಬ್ಬನನ್ನು ಬಿಲ್ಲೆಗೆ ಸುತ್ತತೊಡಗಿದಳು. ಸುತ್ತುತ್ತಾ ಸುತ್ತುತ್ತಾ ಅದು ಬಿಗಿಯಾಯಿತು.

“ಯಾರದು ಇನ್ನೂ ಹಿಡ್ಕೊಂಡಿರೋದು? ಬಿಡಿ!” ಎಂದು ಕೂಗಿದಳು.

“ಮೇಡಂ ಕಣ್ರಿ,” ಎಂದಳು ಹೊಲಿಗೆಯಾಕೆ. “ಬಿಡೋ ಹಾಗೆ ಕಾಣಲ್ಲ. ಹಾಗೇ ಸುತ್ತಿ.”

ನಾದಿನಿ ಸುತ್ತಿದಳು. ನಾನು ಅಂಗಾತ ಮಲಗಿದ್ದಲ್ಲೇ, ಕಿವಿ ನೀರಿನಲ್ಲಿ, ಕಣ್ಣು ಗಾಜಿನಲ್ಲಿ, ನಿಧಾನವಾಗಿ ದಡದ ಕಡೆಗೆ ಬಂದೆ.